ವೇಲ್ಸ್ ರಗ್ಬಿಯ ಆರ್ಥರ್ ಗೂಲ್ಡ್ (1885–1897): ಹಿರಿಮೆ ಆಟಗಾರನದೋ, ನಾಲ್ವರ ಪದ್ಧತಿಯದೋ?

ಚರ್ಚೆ ಆರಂಭಿಸಿದವರು

ವೇಲ್ಸ್ ರಗ್ಬಿಯ ಇತಿಹಾಸವನ್ನು ಓದತೊಡಗಿದವರಿಗೆ ಮೊದಲು ಎದುರಾಗುವ ದೊಡ್ಡ ಹೆಸರು ಆರ್ಥರ್ ಗೂಲ್ಡ್ ಅವರದು. 1885ರಿಂದ 1897ರವರೆಗೆ ಅವರು ತಮ್ಮ ದೇಶದ ಪರವಾಗಿ 27 ಪಂದ್ಯಗಳನ್ನು ಆಡಿದರು, ಅವುಗಳಲ್ಲಿ 18ರಲ್ಲಿ ನಾಯಕರಾಗಿದ್ದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಎಂಬ ಮೂರೇ ಎದುರಾಳಿಗಳು ಬಹುಮಟ್ಟಿಗೆ ಇದ್ದು, ವರ್ಷಕ್ಕೆ ಹೆಚ್ಚೆಂದರೆ ಮೂರು ಪಂದ್ಯಗಳು ಸಿಗುತ್ತಿದ್ದ ಕಾಲದಲ್ಲಿ ಇದು ಬಹಳ ದೊಡ್ಡ ಸಂಖ್ಯೆ. ನಾಯಕತ್ವದ ಆ ದಾಖಲೆಯನ್ನು ವೇಲ್ಸ್‌ನಲ್ಲಿ ಮುರಿಯಲು 1994ರಲ್ಲಿ ಯೈಯಾನ್ ಎವಾನ್ಸ್ ಬರಬೇಕಾಯಿತು.

ಗೂಲ್ಡ್ ಹುಟ್ಟಿದ್ದು 1864ರ ಅಕ್ಟೋಬರಿನಲ್ಲಿ, ನ್ಯೂಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಆಕ್ಸ್‌ಫರ್ಡ್ ಕಡೆಯಿಂದ ಬಂದು ಅಲ್ಲಿ ಹಿತ್ತಾಳೆ ಎರಕದ ಕಾರ್ಖಾನೆ ನಡೆಸುತ್ತಿದ್ದವರು. ಚಿಕ್ಕಂದಿನಲ್ಲಿ ಮರ ಹತ್ತುವುದರಲ್ಲಿ ಅಷ್ಟು ಚುರುಕಾಗಿದ್ದುದರಿಂದ ‘ಮಂಕಿ’ ಎಂಬ ಅಡ್ಡಹೆಸರು ಅಂಟಿಕೊಂಡು, ಕೊನೆಯವರೆಗೂ ಉಳಿಯಿತು. ಅಣ್ಣ ಬಾಬ್ ಫಾರ್ವರ್ಡ್ ಆಗಿ ವೇಲ್ಸ್‌ಗೆ ಆಡಿದರು, ಒಮ್ಮೆ ನಾಯಕರೂ ಆದರು. ತಮ್ಮ ಬರ್ಟ್ ಕೂಡ ದೇಶದ ತಂಡ ಸೇರಿದರು. ಹೀಗೆ ಒಂದೇ ಮನೆಯ ಮೂವರು ಅಂತರರಾಷ್ಟ್ರೀಯ ಆಟಗಾರರು. ಆರ್ಥರ್ ಓಟದಲ್ಲಿ ಪಳಗಿದವರು, ಹರ್ಡಲ್ಸ್ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದವರು. ಎರಡೂ ಕಾಲುಗಳಿಂದ ಸಮನಾಗಿ ಒದೆಯಬಲ್ಲವರಾಗಿದ್ದರು.

ನಾನು ಇಲ್ಲಿ ಚರ್ಚೆಗೆ ಇಡಲು ಬಯಸುವ ಪ್ರಶ್ನೆ ಇದು. ಗೂಲ್ಡ್ ಅವರನ್ನು ವೇಲ್ಸ್ ರಗ್ಬಿಯ ಮೊದಲ ತಾರೆ ಎಂದು ಕರೆಯುವುದು ವಾಡಿಕೆ. ಆ ಬಿರುದು ಅವರ ಆಟದಿಂದ ಬಂದದ್ದೋ, ಅಥವಾ ಅವರ ಆಟದ ಕೊನೆಯ ದಿನಗಳಲ್ಲಿ, ಅಭಿಮಾನಿಗಳು ಕೊಟ್ಟ ಮನೆಯ ಉಡುಗೊರೆಯ ಸುತ್ತ ಎದ್ದ ವಿವಾದದಿಂದ ಬಂದದ್ದೋ? ಅದು ಆಟದಿಂದಲೇ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚಿನ ಬರಹಗಳಲ್ಲಿ ವಿವಾದವೇ ಪುಟಗಳನ್ನು ನುಂಗಿಹಾಕಿ, ವೇಲ್ಸ್ ಮೂರನ್ನೂ ಗೆದ್ದ 1893ರ ಋತುವಿನ ಪಂದ್ಯಗಳು ಎರಡು ಸಾಲುಗಳಿಗೆ ಇಳಿದಿರುವುದು ನನಗೆ ಅನ್ಯಾಯವೆನಿಸುತ್ತದೆ.

ಧಾರವಾಡದ ಸದಸ್ಯರು

ಒಳ್ಳೆಯ ವಿಷಯ ಎತ್ತಿದ್ದೀರಿ, ಸರ್. ಆದರೆ ನಿಮ್ಮ ಪ್ರಶ್ನೆಗೆ ಮೂರನೆಯ ಉತ್ತರವೊಂದಿದೆ, ಅದನ್ನು ನೀವು ಬಿಟ್ಟಿದ್ದೀರಿ. ವೇಲ್ಸ್ ಗೆದ್ದದ್ದು ಗೂಲ್ಡ್ ಒಬ್ಬರಿಂದಲ್ಲ, ಮೂರರ ಬದಲು ನಾಲ್ಕು ತ್ರೀಕ್ವಾರ್ಟರ್‌ಗಳನ್ನು ಆಡಿಸುವ ಪದ್ಧತಿಯಿಂದ. ಆ ಪದ್ಧತಿ ಗೂಲ್ಡ್ ಅವರದಲ್ಲ.

ರಗ್ಬಿ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ತಂಡದಲ್ಲಿ ಹದಿನೈದು ಜನ. ಅಂದಿನ ವಾಡಿಕೆಯಂತೆ ಒಂಬತ್ತು ಫಾರ್ವರ್ಡ್‌ಗಳು ಒತ್ತಾಗಿ ಸೇರಿ ಸ್ಕ್ರಮ್‌ನಲ್ಲಿ ತಳ್ಳಾಡುತ್ತಿದ್ದರು. ಚೆಂಡು ಹೊರಬಂದಾಗ ಅದನ್ನು ಹಿಡಿಯಲು ಇಬ್ಬರು ಹಾಫ್‌ಬ್ಯಾಕ್‌ಗಳು, ಅವರ ಹಿಂದೆ ಓಡಲು ಮೂವರು ತ್ರೀಕ್ವಾರ್ಟರ್‌ಗಳು, ಎಲ್ಲರಿಗಿಂತ ಹಿಂದೆ ಕಾವಲಿಗೆ ಒಬ್ಬ ಫುಲ್‌ಬ್ಯಾಕ್. ಬಲವಾದ ಫಾರ್ವರ್ಡ್‌ಗಳಿರುವ ತಂಡವೇ ಸಾಮಾನ್ಯವಾಗಿ ಗೆಲ್ಲುತ್ತಿತ್ತು.

1884ರಲ್ಲಿ ಕಾರ್ಡಿಫ್ ಕ್ಲಬ್ಬಿನಲ್ಲಿ ಒಂದು ಆಕಸ್ಮಿಕ ನಡೆಯಿತು. ಬದಲಿ ಆಟಗಾರನಾಗಿ ಬಂದ ಫ್ರಾಂಕ್ ಹ್ಯಾನ್‌ಕಾಕ್ ಚೆಲ್ಟನ್‌ಹ್ಯಾಮ್ ವಿರುದ್ಧ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದು) ಗಳಿಸಿದರು. ಮುಂದಿನ ಪಂದ್ಯಕ್ಕೆ ಅವರನ್ನು ಕೈಬಿಡಲೂ ಮನಸ್ಸಿಲ್ಲ, ಮೊದಲಿನ ಮೂವರಲ್ಲಿ ಯಾರನ್ನೂ ತೆಗೆಯಲೂ ಮನಸ್ಸಿಲ್ಲ. ಆದ್ದರಿಂದ ಒಬ್ಬ ಫಾರ್ವರ್ಡ್‌ನನ್ನು ಕಡಿಮೆ ಮಾಡಿ ನಾಲ್ವರನ್ನೂ ಹಿಂದೆ ಆಡಿಸಿದರು. ಮುಂದೆ ಹ್ಯಾನ್‌ಕಾಕ್ ಕಾರ್ಡಿಫ್ ನಾಯಕರಾದಾಗ ಇದನ್ನೇ ಕ್ಲಬ್ಬಿನ ಸ್ಥಿರ ವ್ಯವಸ್ಥೆಯನ್ನಾಗಿ ಬೆಳೆಸಿದರು. ಇಬ್ಬರು ಸೆಂಟರ್‌ಗಳು, ಎರಡು ಅಂಚುಗಳಲ್ಲಿ ಇಬ್ಬರು ವಿಂಗ್‌ಗಳು ಎಂಬ ಇಂದಿನ ಜೋಡಣೆ ಅಲ್ಲಿಂದಲೇ ಬಂದದ್ದು.

1886ರಲ್ಲಿ ಕಾರ್ಡಿಫ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ವೇಲ್ಸ್ ನಾಯಕತ್ವ ಹ್ಯಾನ್‌ಕಾಕ್‌ಗೆ ಸಿಕ್ಕಾಗ ಅವರು ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೊದಲ ಬಾರಿಗೆ ನಾಲ್ವರನ್ನು ಕಣಕ್ಕಿಳಿಸಿದರು. ಅವರಲ್ಲಿ ಗೂಲ್ಡ್ ಒಬ್ಬರು. ಎಂಟೇ ಫಾರ್ವರ್ಡ್‌ಗಳಿದ್ದ ವೇಲ್ಸ್ ಸ್ಕ್ರಮ್‌ನಲ್ಲಿ ಕುಸಿಯತೊಡಗಿತು. ಪಂದ್ಯದ ನಡುವೆಯೇ ಫುಲ್‌ಬ್ಯಾಕ್ ಹ್ಯಾರಿ ಬೋವೆನ್ ಅವರನ್ನು ಫಾರ್ವರ್ಡ್‌ಗಳ ಗುಂಪಿಗೆ ಕಳುಹಿಸಿ, ಅವರ ಜಾಗಕ್ಕೆ ಗೂಲ್ಡ್ ಅವರನ್ನು ಹಿಂದೆ ಸರಿಸಬೇಕಾಯಿತು. ವೇಲ್ಸ್ ಸೋತಿತು, ಪ್ರಯೋಗ ಸದ್ಯಕ್ಕೆ ಮೂಲೆಗೆ ಬಿತ್ತು, ಹ್ಯಾನ್‌ಕಾಕ್ ಮತ್ತೆಂದೂ ವೇಲ್ಸ್‌ಗೆ ಆಡಲಿಲ್ಲ. ಆಗ ಈ ಪದ್ಧತಿಯನ್ನು ಇಷ್ಟಪಡದವರಲ್ಲಿ ಗೂಲ್ಡ್ ಕೂಡ ಇದ್ದರು. ತಾವು ಒಪ್ಪದಿದ್ದ ಪದ್ಧತಿಯ ಫಲವನ್ನು ಅವರೇ ಉಂಡರು ಎಂದರೆ ತಪ್ಪಾಗುತ್ತದೆಯೇ?

ಮೈಸೂರಿನ ಸದಸ್ಯೆ

ಧಾರವಾಡದ ಸದಸ್ಯರು ಕೊಟ್ಟ ವಿವರಗಳು ಸರಿಯಾಗಿವೆ. ಆದರೆ ಅವುಗಳಿಂದ ಅವರು ಎಳೆದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಹ್ಯಾನ್‌ಕಾಕ್ ಪದ್ಧತಿ ಕಾರ್ಡಿಫ್‌ನಲ್ಲಿ ಗೆದ್ದು ದೇಶದ ತಂಡದಲ್ಲಿ ಸೋತದ್ದಕ್ಕೆ ಕಾರಣ ಇದೆ. ಕಾರ್ಡಿಫ್ ಆಟಗಾರರು ವಾರವಾರವೂ ಜೊತೆಯಲ್ಲಿ ಆಡಿ, ಯಾರು ಯಾವಾಗ ಚೆಂಡು ಕೊಡುತ್ತಾರೆಂಬುದನ್ನು ಬಲ್ಲವರಾಗಿದ್ದರು. ದೇಶದ ತಂಡಕ್ಕೆ ಬರುವ ನ್ಯೂಪೋರ್ಟ್, ಸ್ವಾನ್ಸಿ, ಲಾನೆಲ್ಲಿ ಆಟಗಾರರಿಗೆ ಆ ಅಭ್ಯಾಸ ಇರಲಿಲ್ಲ. ಒಬ್ಬ ಫಾರ್ವರ್ಡ್‌ನನ್ನು ಕಳೆದುಕೊಂಡಾಗ ಆಗುವ ನಷ್ಟ ಕೂಡಲೇ ಕಾಣುತ್ತದೆ. ನಾಲ್ಕನೆಯ ಓಟಗಾರನಿಂದ ಬರುವ ಲಾಭ, ನಾಲ್ವರೂ ಕೈಯಿಂದ ಕೈಗೆ ಚೆಂಡು ದಾಟಿಸಲು ಕಲಿತ ಮೇಲೆಯೇ ಕಾಣುವುದು. 1888ರ ಕೊನೆಗೆ ನ್ಯೂಜಿಲೆಂಡಿನ ನೇಟಿವ್ಸ್ ಎಂಬ, ಹೆಚ್ಚಾಗಿ ಮಾವೊರಿ ಆಟಗಾರರ ತಂಡ ಸ್ವಾನ್ಸಿಗೆ ಬಂದಾಗ ವೇಲ್ಸ್ ಮತ್ತೆ ಈ ಪದ್ಧತಿಗೆ ಮರಳಿ ಗೆದ್ದಿತು, ಆಮೇಲೆ ಅದನ್ನು ಬಿಡಲಿಲ್ಲ.

ಗೂಲ್ಡ್ ಅವರ ಹಿರಿಮೆ ನನಗೆ ಕಾಣುವುದು ಇಲ್ಲಿಯೇ. ಒಂಟಿಯಾಗಿ ಓಡಿ, ಪಕ್ಕಕ್ಕೆ ಹೆಜ್ಜೆ ಹಾಕಿ ತಪ್ಪಿಸಿಕೊಂಡು, ಬೇಕೆಂದಾಗ ಡ್ರಾಪ್ ಗೋಲು (ನೆಲಕ್ಕೆ ಬಿಟ್ಟು ಪುಟಿದ ಚೆಂಡನ್ನು ಒದ್ದು ಗಳಿಸುವ ಗೋಲು) ಹೊಡೆಯಬಲ್ಲ ಆಟಗಾರನಿಗೆ ಪಕ್ಕದವನೊಡನೆ ಜಾಗ ಹಂಚಿಕೊಳ್ಳುವುದು ಸುಲಭದ ಮಾತಲ್ಲ. ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು, 1885ರ ಜನವರಿ 3ರಂದು ಸ್ವಾನ್ಸಿಯ ಸೇಂಟ್ ಹೆಲೆನ್ಸ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ, ಅವರು ಆಡಿದ್ದು ಫುಲ್‌ಬ್ಯಾಕ್ ಆಗಿ. ಅದು ಒಬ್ಬಂಟಿಯ ಜಾಗ. ಅಲ್ಲಿಂದ ಸೆಂಟರ್‌ಗೆ ಬಂದು, ತಮಗೆ ಹಿಡಿಸದ ಪದ್ಧತಿಯನ್ನು ಕಲಿತು, ಕೊನೆಗೆ ಅದನ್ನು ಇಡೀ ತಂಡಕ್ಕೆ ಕಲಿಸುವ ನಾಯಕರಾದರು. ಹೊಸ ವಿಚಾರವನ್ನು ಹುಟ್ಟಿಸಿದವರಿಗೆ ಸಲ್ಲುವಷ್ಟೇ ಗೌರವ, ಅದನ್ನು ಗೆಲ್ಲುವ ಆಟವಾಗಿ ರೂಢಿಸಿದವರಿಗೂ ಸಲ್ಲಬೇಕು.

ಶಿವಮೊಗ್ಗದ ಸದಸ್ಯರು

ನನ್ನದೊಂದು ಚಿಕ್ಕ ಪ್ರಶ್ನೆ. 1893ರ ಇಂಗ್ಲೆಂಡ್ ಪಂದ್ಯದ ಫಲಿತಾಂಶ 12–11 ಎಂದು ಎಲ್ಲೆಡೆ ಇದೆ. ಆದರೆ ಇಂಗ್ಲೆಂಡ್ ನಾಲ್ಕು ಟ್ರೈ ಗಳಿಸಿದ್ದು, ವೇಲ್ಸ್ ಮೂರೇ ಗಳಿಸಿದ್ದು. ಇದು ಹೇಗೆ? ಅಂದಿನ ಅಂಕದ ಲೆಕ್ಕವನ್ನು ಯಾರಾದರೂ ತಿಳಿಸುವಿರಾ?

ಚರ್ಚೆ ಆರಂಭಿಸಿದವರು

ತಿಳಿಸುತ್ತೇನೆ. ಈ ಪಂದ್ಯದ ಬಗ್ಗೆ ವಿವರವಾಗಿ ಬರೆಯಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು.

ಹಿಂದಿನ ವರ್ಷದಿಂದ ಶುರುಮಾಡಬೇಕು. 1892ರಲ್ಲಿ ಗೂಲ್ಡ್ ನಾಯಕತ್ವದ ವೇಲ್ಸ್ ಮೂರೂ ಪಂದ್ಯಗಳನ್ನು ಸೋತಿತ್ತು. ಇಂಗ್ಲೆಂಡ್ ಎದುರಿನ ಸೋಲು 17–0. ಅದೇ ಋತುವಿನಲ್ಲಿ ಇಂಗ್ಲೆಂಡ್ ಮೂರು ಪಂದ್ಯಗಳನ್ನು ಗೆದ್ದು, ಒಂದೇ ಒಂದು ಅಂಕವನ್ನೂ ಎದುರಾಳಿಗಳಿಗೆ ಬಿಟ್ಟುಕೊಟ್ಟಿರಲಿಲ್ಲ. ಕ್ಲಬ್ ಮಟ್ಟದಲ್ಲಿ ಮಾತ್ರ ಗೂಲ್ಡ್ ಅವರ ನ್ಯೂಪೋರ್ಟ್ 1891–92ರ ಇಡೀ ಋತುವನ್ನು ಸೋಲಿಲ್ಲದೆ ಮುಗಿಸಿತ್ತು.

1893ರ ಜನವರಿ 7ರಂದು ಕಾರ್ಡಿಫ್ ಆರ್ಮ್ಸ್ ಪಾರ್ಕ್‌ನಲ್ಲಿ ಪಂದ್ಯ. ಕೊರೆಯುವ ಚಳಿಗೆ ಮೈದಾನ ಕಲ್ಲಿನಂತೆ ಗಟ್ಟಿಯಾಗಿತ್ತು. ಹಿಂದಿನ ರಾತ್ರಿಯಿಡೀ ಮೈದಾನದುದ್ದಕ್ಕೂ ಕಲ್ಲಿದ್ದಲಿನ ಅಗ್ಗಿಷ್ಟಿಕೆಗಳನ್ನು ಉರಿಸಿ ನೆಲವನ್ನು ಕರಗಿಸಲು ಹೆಣಗಿದರು. ಬೆಂಕಿ ಇದ್ದ ಕಡೆ ಕೆಸರು, ಇಲ್ಲದ ಕಡೆ ಹೆಪ್ಪುಗಟ್ಟಿದ ನೆಲ. ಇಂಗ್ಲೆಂಡಿನ ನಾಯಕ ಆ್ಯಂಡ್ರೂ ಸ್ಟಾಡರ್ಟ್. ಕ್ರಿಕೆಟ್‌ನಲ್ಲಿಯೂ ಇಂಗ್ಲೆಂಡ್ ತಂಡವನ್ನು ಮುನ್ನಡೆಸಿದ ಅದೇ ಸ್ಟಾಡರ್ಟ್. ನಮ್ಮಲ್ಲಿ ಕ್ರಿಕೆಟ್ ಇತಿಹಾಸ ಓದುವವರಿಗೆ ಪರಿಚಿತ ಹೆಸರು.

ಇಂಗ್ಲೆಂಡ್ ಒಂಬತ್ತು ಫಾರ್ವರ್ಡ್‌ಗಳ ಹಳೆಯ ಕ್ರಮದಲ್ಲಿ ಆಡಿತು. ಮೊದಲರ್ಧದಲ್ಲಿ ಆ ತೂಕವೇ ಗೆದ್ದಿತು. ವಿರಾಮದ ಹೊತ್ತಿಗೆ 7–0, ಆಮೇಲೆ ಮತ್ತೊಂದು ಟ್ರೈ ಬಂದು 9–0. ಹವರ್ಡ್ ಮಾರ್ಷಲ್ ಎಂಬವರು ತಾವು ಆಡಿದ ಈ ಒಂದೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೂರು ಟ್ರೈ ಗಳಿಸಿದರು. ಆದರೆ ಅಂಥ ನೆಲದ ಮೇಲೆ ತಳ್ಳಾಡಿದ ದೊಡ್ಡ ಆಳುಗಳು ದ್ವಿತೀಯಾರ್ಧದಲ್ಲಿ ದಣಿದರು, ವೇಲ್ಸ್‌ನ ನಾಲ್ವರು ಓಡತೊಡಗಿದರು. ಗೂಲ್ಡ್ ಎರಡು ಟ್ರೈ, ನಾರ್ಮನ್ ಬಿಗ್ಸ್ ಒಂದು ಟ್ರೈ. ಅಂತ್ಯ ಸಮೀಪಿಸಿದಾಗ ಇಂಗ್ಲೆಂಡ್ 11–9ರಿಂದ ಮುಂದಿತ್ತು.

ಆಗ ವೇಲ್ಸ್‌ಗೆ ಅಂಚಿನ ಕಡೆ ಒಂದು ಪೆನಾಲ್ಟಿ ಸಿಕ್ಕಿತು. ಫುಲ್‌ಬ್ಯಾಕ್ ಬಿಲ್ಲಿ ಬ್ಯಾಂಕ್ರಾಫ್ಟ್ ಸ್ವಾನ್ಸಿಯವರು, ಸೇಂಟ್ ಹೆಲೆನ್ಸ್ ಮೈದಾನದಲ್ಲಿ ಒದೆತವನ್ನು ಪಳಗಿಸಿಕೊಂಡವರು. ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಪ್ಲೇಸ್ ಕಿಕ್ ಹೊಡೆಯಬೇಕೆಂದು ನಾಯಕ ಗೂಲ್ಡ್ ಹೇಳಿದರು. ಹೆಪ್ಪುಗಟ್ಟಿದ ನೆಲದಲ್ಲಿ ಚೆಂಡು ನಿಲ್ಲುವುದು ಕಷ್ಟವೆಂದು ಕಂಡ ಬ್ಯಾಂಕ್ರಾಫ್ಟ್, ಡ್ರಾಪ್ ಕಿಕ್ಕನ್ನೇ ಹೊಡೆಯುವುದಾಗಿ ಪಟ್ಟು ಹಿಡಿದರು. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಕೊನೆಗೆ ಗೂಲ್ಡ್ ಬೇಸರದಿಂದ ಅಲ್ಲಿಂದ ಸರಿದರೆಂದು ಹೇಳುತ್ತಾರೆ. ಬ್ಯಾಂಕ್ರಾಫ್ಟ್ ಕೈಯಿಂದ ಚೆಂಡನ್ನು ಬಿಟ್ಟು, ಅದು ನೆಲ ತಾಗಿ ಪುಟಿಯುವ ಕ್ಷಣದಲ್ಲಿ ಒದ್ದರು. ಚೆಂಡು ಕಂಬಗಳ ನಡುವೆ ಸಾಗಿತು. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಪೆನಾಲ್ಟಿಯಿಂದ ಬಂದ ಮೊದಲ ಗೋಲು ಅದೇ ಎಂದು ದಾಖಲಾಗಿದೆ.

ಇನ್ನು ಶಿವಮೊಗ್ಗದ ಸದಸ್ಯರ ಲೆಕ್ಕಕ್ಕೆ ಬರೋಣ. ಆ ಪಂದ್ಯಕ್ಕೆ ಅನ್ವಯಿಸಿದ ಕ್ರಮದಲ್ಲಿ ಟ್ರೈಗೆ 2, ಅದರ ಬಳಿಕ ಕಂಬಗಳ ನಡುವೆ ಒದ್ದು ಗಳಿಸುವ ಗೋಲಿಗೆ 3, ಪೆನಾಲ್ಟಿಗೆ 3 ಅಂಕ. ವೇಲ್ಸ್‌ಗೆ ಮೂರು ಟ್ರೈ, ಒಂದು ಗೋಲು, ಒಂದು ಪೆನಾಲ್ಟಿ, ಅಂದರೆ 6, 3, 3 ಸೇರಿ 12. ಇಂಗ್ಲೆಂಡ್‌ಗೆ ನಾಲ್ಕು ಟ್ರೈ, ಒಂದು ಗೋಲು, ಅಂದರೆ 8 ಮತ್ತು 3 ಸೇರಿ 11. ಮುಂದಿನ ಋತುವಿನಿಂದ ಟ್ರೈಗೆ 3, ಬಳಿಕದ ಗೋಲಿಗೆ 2 ಎಂದು ಬದಲಾಯಿತು. ಆ ಹೊಸ ಕ್ರಮವನ್ನು ಇದೇ ಪಂದ್ಯಕ್ಕೆ ಹಾಕಿ ನೋಡಿದರೆ ಎರಡೂ ತಂಡಗಳಿಗೆ 14 ಅಂಕ ಬಂದು ಪಂದ್ಯ ಸಮವಾಗುತ್ತದೆ!

ಫೆಬ್ರವರಿಯಲ್ಲಿ ಎಡಿನ್‌ಬರೋದ ರೇಬರ್ನ್ ಪ್ಲೇಸ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 9–0, ಮಾರ್ಚ್‌ನಲ್ಲಿ ಲಾನೆಲ್ಲಿಯಲ್ಲಿ ಐರ್ಲೆಂಡ್ ವಿರುದ್ಧ 2–0. ಐರ್ಲೆಂಡ್ ಪಂದ್ಯದ ಏಕೈಕ ಟ್ರೈ ತಮ್ಮ ಬರ್ಟ್ ಗೂಲ್ಡ್ ಅವರದು. ಸ್ಕಾಟ್ಲೆಂಡ್ ವಿರುದ್ಧವೂ ಅವರು ಒಂದು ಟ್ರೈ ಗಳಿಸಿದ್ದರು. ಹೀಗೆ ಮೂವರು ಎದುರಾಳಿಗಳನ್ನೂ ಸೋಲಿಸಿ ವೇಲ್ಸ್ ಮೊದಲ ಬಾರಿಗೆ ಟ್ರಿಪಲ್ ಕ್ರೌನ್ ಗಳಿಸಿತು. 1881ರಲ್ಲಿ ಬ್ಲ್ಯಾಕ್‌ಹೀತ್‌ನಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನಾಡಿ, ಇಂಗ್ಲೆಂಡಿಗೆ ಹದಿಮೂರು ಟ್ರೈಗಳನ್ನು ಬಿಟ್ಟುಕೊಟ್ಟು ಹಿಂದಿರುಗಿದ್ದ ದೇಶ ಹನ್ನೆರಡು ವರ್ಷಗಳಲ್ಲಿ ಇಲ್ಲಿಗೆ ಬಂದು ನಿಂತಿತು.

ಧಾರವಾಡದ ಸದಸ್ಯರು

1893ರ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆಮೇಲಿನ ವರ್ಷಗಳನ್ನು ಮರೆಯಬಾರದು. 1894ರ ಜನವರಿಯಲ್ಲಿ ಬರ್ಕನ್‌ಹೆಡ್‌ನಲ್ಲಿ ಇಂಗ್ಲೆಂಡ್ ತಾನೂ ನಾಲ್ಕು ತ್ರೀಕ್ವಾರ್ಟರ್‌ಗಳನ್ನು ಆಡಿಸಿ ವೇಲ್ಸ್ ಅನ್ನು 24–3ರಿಂದ ಸೋಲಿಸಿತು. 1895ರಲ್ಲಿ ಸ್ವಾನ್ಸಿಯಲ್ಲಿ 14–6ರ ಸೋಲು, 1896ರಲ್ಲಿ ಬ್ಲ್ಯಾಕ್‌ಹೀತ್‌ನಲ್ಲಿ 25–0ರ ಸೋಲು. ಪದ್ಧತಿ ವೇಲ್ಸ್‌ನ ಗುಟ್ಟಾಗಿ ಉಳಿಯದೆ ಎಲ್ಲರ ಕೈಗೆ ಸಿಕ್ಕ ಕೂಡಲೇ ಗೂಲ್ಡ್ ತಂಡದ ಮೇಲುಗೈ ಹೋಯಿತು. ವೇಲ್ಸ್‌ಗೆ ಎರಡನೆಯ ಟ್ರಿಪಲ್ ಕ್ರೌನ್ ಬಂದದ್ದು 1900ರಲ್ಲಿ, ಬ್ಯಾಂಕ್ರಾಫ್ಟ್ ನಾಯಕತ್ವದಲ್ಲಿ. ಗೂಲ್ಡ್ ಕಾಲದಲ್ಲಿ ಸಿಕ್ಕದ್ದು ಒಂದೇ.

ಮೈಸೂರಿನ ಸದಸ್ಯೆ

ಸೋಲುಗಳ ಪಟ್ಟಿ ನಿಜ. ಅದೇ ವರ್ಷಗಳ ಗೆಲುವುಗಳನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡೋಣ. 1894ರಲ್ಲಿ ಬರ್ಕನ್‌ಹೆಡ್‌ನ ಸೋಲಿನ ನಂತರ ನ್ಯೂಪೋರ್ಟ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 7–0. 1896ರಲ್ಲಿ 25–0ರ ಅವಮಾನದ ಮೂರೇ ವಾರಗಳಲ್ಲಿ ಕಾರ್ಡಿಫ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 6–0, ಅದರಲ್ಲಿ ಒಂದು ಟ್ರೈ ಗೂಲ್ಡ್ ಅವರದೇ. ಆ ಪಂದ್ಯಕ್ಕೆ ಆಯ್ಕೆಗಾರರು ಹೊಸ ಮುಖಗಳನ್ನು ತಂದಿದ್ದರು. ಅವರಲ್ಲಿ ಕಾರ್ಡಿಫ್‌ನ ಗ್ವಿನ್ ನಿಕೋಲ್ಸ್ ಒಬ್ಬರು. ಮುಂದೆ ವೇಲ್ಸ್ ರಗ್ಬಿಯ ಸುವರ್ಣಯುಗವೆಂದು ಕರೆಯುವ ಕಾಲವನ್ನು ಮುನ್ನಡೆಸಿದ ನಿಕೋಲ್ಸ್ ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು ಗೂಲ್ಡ್ ನಾಯಕತ್ವದಲ್ಲಿ.

ಪದ್ಧತಿ ಎಲ್ಲರಿಗೂ ಸಿಕ್ಕಿದ್ದೇ ಅದರ ಗೆಲುವಿನ ಸಾಕ್ಷಿ ಎಂಬುದನ್ನೂ ಗಮನಿಸಬೇಕು. 1893ರ ಕಾರ್ಡಿಫ್ ಪಂದ್ಯವನ್ನು ನೋಡದಿದ್ದರೆ ಇಂಗ್ಲೆಂಡ್ ತನ್ನ ಒಂಬತ್ತನೆಯ ಫಾರ್ವರ್ಡ್‌ನನ್ನು ಅಷ್ಟು ಬೇಗ ಬಿಟ್ಟುಕೊಡುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಕೊನೆಯ ಪಂದ್ಯವನ್ನೂ ಮರೆಯುವಂತಿಲ್ಲ. 1897ರ ಜನವರಿ 9ರಂದು, ತಮ್ಮೂರಾದ ನ್ಯೂಪೋರ್ಟ್‌ನ ರಾಡ್ನಿ ಪರೇಡ್ ಮೈದಾನದಲ್ಲಿ, 32ರ ವಯಸ್ಸಿನ ಗೂಲ್ಡ್ ನಾಯಕರಾಗಿ ಇಂಗ್ಲೆಂಡ್ ಅನ್ನು 11–0ರಿಂದ ಸೋಲಿಸಿದರು. ಹಿಂದಿನ ವರ್ಷ 25–0ರಿಂದ ಸೋತಿದ್ದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಬೆಂಗಳೂರಿನ ಸದಸ್ಯರು

ಆರಂಭಿಸಿದವರು ಮನೆಯ ವಿವಾದವನ್ನು ಪಕ್ಕಕ್ಕಿಡಲು ಬಯಸುತ್ತಾರೆ; ಆದರೆ ಗೂಲ್ಡ್ ಅವರ ಅಂತರರಾಷ್ಟ್ರೀಯ ಆಟ ಮುಗಿದದ್ದೇ ಅದರಿಂದ. ಅದನ್ನು ಹೊರಗಿಟ್ಟು ಅವರ ಆಟದ ಬದುಕನ್ನು ಬರೆಯುವುದು ಸಾಧ್ಯವಿಲ್ಲ. ತಿಳಿದಷ್ಟನ್ನು ಕ್ರಮವಾಗಿ ಹೇಳುತ್ತೇನೆ.

1896ರಲ್ಲಿ ಗೂಲ್ಡ್ ಅವರ ಅಭಿಮಾನಿಗಳು ಸಾರ್ವಜನಿಕ ನಿಧಿಯೊಂದನ್ನು ಆರಂಭಿಸಿದರು. ಜನ ಒಂದೊಂದು ಷಿಲಿಂಗ್ ಕೊಡುವ ವಂತಿಗೆ ಅದು, ವೇಲ್ಸ್ ಒಕ್ಕೂಟವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಂದಿನ ರಗ್ಬಿಯಲ್ಲಿ ಆಟಗಾರನಿಗೆ ಆಟದಿಂದ ಯಾವ ರೀತಿಯ ಹಣದ ಲಾಭವೂ ಆಗಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಒಕ್ಕೂಟಗಳು ಆಕ್ಷೇಪ ಎತ್ತಿದವು. ಇದು ವೃತ್ತಿಪರತೆಯೇ ಎಂದು ಅಂತರರಾಷ್ಟ್ರೀಯ ಮಂಡಳಿ ತೀರ್ಪು ಕೊಟ್ಟಿತು. ವೇಲ್ಸ್ ಒಕ್ಕೂಟ ಮೊದಲು ಹಿಂಜರಿಯಿತು, ವೇಲ್ಸ್ ಜನ ರೊಚ್ಚಿಗೆದ್ದಾಗ ಮತ್ತೆ ನಿಧಿಯ ಪರವಾಗಿ ನಿಂತು, 1897ರ ಆರಂಭದಲ್ಲಿ ಮಂಡಳಿಯಿಂದಲೇ ಹೊರನಡೆಯಿತು. 1886ರಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಜೊತೆ ಸೇರಿ ಆ ಮಂಡಳಿಯನ್ನು ಕಟ್ಟಿದ ದೇಶ ವೇಲ್ಸ್. ಇಂಗ್ಲೆಂಡ್ ಅದಕ್ಕೆ ಸೇರಿದ್ದು 1890ರಲ್ಲಿ. ಹಾಗಾಗಿ ಇದು ಚಿಕ್ಕ ನಿರ್ಧಾರವಾಗಿರಲಿಲ್ಲ.

1897ರ ಈಸ್ಟರ್ ಸೋಮವಾರದಂದು ನ್ಯೂಪೋರ್ಟ್‌ನ ಡ್ರಿಲ್ ಹಾಲ್‌ನಲ್ಲಿ ಔತಣಕೂಟ ಏರ್ಪಾಡಾಯಿತು. ಒಕ್ಕೂಟದ ಅಧ್ಯಕ್ಷ ಸರ್ ಜಾನ್ ಲೆವೆಲಿನ್ ಅವರು ಕ್ಲೈಥಾ ಪಾರ್ಕ್ ಬಡಾವಣೆಯ ‘ಥಾರ್ನ್‌ಬರಿ’ ಎಂಬ ಮನೆಯ ಹಕ್ಕುಪತ್ರವನ್ನು ಗೂಲ್ಡ್ ಅವರ ಕೈಗಿತ್ತರು. ಆ ವರ್ಷ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ವೇಲ್ಸ್ ಜೊತೆ ಆಡಲಿಲ್ಲ. ಇಂಗ್ಲೆಂಡ್ ಪಂದ್ಯ ಅದಕ್ಕೂ ಮೊದಲೇ ಮುಗಿದಿತ್ತು. 1898ರ ಫೆಬ್ರವರಿಯಲ್ಲಿ ವೇಲ್ಸ್ ಮಂಡಳಿಗೆ ಮರಳಿತು, ಆದರೆ ಗೂಲ್ಡ್ ಮತ್ತೆ ಅಂತರರಾಷ್ಟ್ರೀಯ ಪಂದ್ಯ ಆಡುವುದಿಲ್ಲವೆಂಬ ಒಪ್ಪಂದದ ಮೇಲೆ. ಇಂಗ್ಲೆಂಡ್ ಮತ್ತು ಐರ್ಲೆಂಡ್ ಆ ವರ್ಷವೇ ಮತ್ತೆ ಆಡಿದವು. ಸ್ಕಾಟ್ಲೆಂಡ್ ಮಾತ್ರ 1899ರವರೆಗೆ ದೂರವೇ ಉಳಿಯಿತು.

ಇಂಗ್ಲೆಂಡ್ ಇಷ್ಟು ಬೇಗ ಮೆತ್ತಗಾದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಒಕ್ಕೂಟವನ್ನು ತೊರೆದು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡಿದ್ದವು. ಶನಿವಾರ ಆಡಲು ಬಂದ ಕಾರ್ಮಿಕನಿಗೆ ತಪ್ಪಿದ ಕೂಲಿಯನ್ನು ತುಂಬಿಕೊಡಬೇಕೇ ಬೇಡವೇ ಎಂಬುದೇ ಆ ಜಗಳದ ಮೂಲ. ಕಲ್ಲಿದ್ದಲು, ಉಕ್ಕು, ಬಂದರಿನ ಕಾರ್ಮಿಕರಿಂದ ತುಂಬಿದ ದಕ್ಷಿಣ ವೇಲ್ಸ್ ಕೂಡ ಆ ಕಡೆಗೆ ವಾಲಿದ್ದರೆ ಹಳೆಯ ರಗ್ಬಿಗೆ ದೊಡ್ಡ ಪೆಟ್ಟು ಬೀಳುತ್ತಿತ್ತು.

ಶಿವಮೊಗ್ಗದ ಸದಸ್ಯರು

ಕ್ರಿಕೆಟ್ ಓದುವವನಾಗಿ ನನಗೆ ತಕ್ಷಣ ನೆನಪಾಗುವುದು ಡಬ್ಲ್ಯೂ. ಜಿ. ಗ್ರೇಸ್. 1895ರಲ್ಲಿ ಅವರಿಗಾಗಿ ಪತ್ರಿಕೆಯೊಂದು ಇಂಥದೇ ಷಿಲಿಂಗ್ ನಿಧಿ ಎತ್ತಿತ್ತು, ಸಾವಿರಾರು ಪೌಂಡ್ ಸೇರಿತ್ತು. ಅವರೂ ಹೆಸರಿಗೆ ಹವ್ಯಾಸಿ ಆಟಗಾರರೇ. ಅಲ್ಲಿ ಯಾರೂ ತಂಡವನ್ನು ಬಹಿಷ್ಕರಿಸಲಿಲ್ಲ. ಕ್ರಿಕೆಟ್‌ಗೆ ಒಂದು ನ್ಯಾಯ, ರಗ್ಬಿಗೆ ಒಂದು ನ್ಯಾಯ ಎಂದು ವೇಲ್ಸ್ ಜನ ಕೇಳಿದ್ದರಲ್ಲಿ ಅರ್ಥವಿದೆ.

ಬೆಂಗಳೂರಿನ ಸದಸ್ಯರು

ಹೌದು, ಆ ಹೋಲಿಕೆಯನ್ನು ಅಂದಿನವರೇ ಮಾಡಿದ್ದರು. ಆದರೆ ಕ್ರಿಕೆಟ್‌ನಲ್ಲಿ ವೃತ್ತಿಪರ ಆಟಗಾರರು ಬಹಿರಂಗವಾಗಿಯೇ ಇದ್ದರು. ಹವ್ಯಾಸಿಗಳು, ವೃತ್ತಿಪರರು ಒಂದೇ ತಂಡದಲ್ಲಿ ಆಡುತ್ತಿದ್ದ ಆಟವದು. ಹಣ ಕಂಡರೆ ಅಲ್ಲಿ ಯಾರೂ ಬೆಚ್ಚುತ್ತಿರಲಿಲ್ಲ. ರಗ್ಬಿ ಒಕ್ಕೂಟಗಳಿಗೆ ಆ ಅನುಕೂಲ ಇರಲಿಲ್ಲ. ಒಮ್ಮೆ ಬಾಗಿಲು ತೆರೆದರೆ ಮುಚ್ಚಲಾಗದು ಎಂಬ ಭಯ ಅವುಗಳಿಗಿತ್ತು. ಆ ಭಯವನ್ನು ನಾನು ಸಮರ್ಥಿಸುತ್ತಿಲ್ಲ, ಅದು ಎಲ್ಲಿಂದ ಬಂತೆಂದು ಹೇಳುತ್ತಿದ್ದೇನೆ.

ಕಾರ್ಡಿಫ್‌ನಲ್ಲಿ ನೆಲೆಸಿರುವ ಸದಸ್ಯೆ

ಚರ್ಚೆಯನ್ನು ಮೊದಲಿನಿಂದ ಓದಿದೆ. ಎಲ್ಲರೂ ಗೂಲ್ಡ್ ಅವರಿಗೆ ಅನ್ಯಾಯವಾಯಿತೇ ಎಂದು ಕೇಳುತ್ತಿದ್ದೀರಿ. ಅವರ ಜೊತೆಗೇ ಆಡಿದ ಇಬ್ಬರು ಜೇಮ್ಸ್ ಸಹೋದರರನ್ನೂ ಈ ಮಾತಿಗೆ ಸೇರಿಸಬೇಕು ಎಂಬುದು ನನ್ನ ಕೋರಿಕೆ.

ಸ್ವಾನ್ಸಿಯ ಡೇವಿಡ್ ಜೇಮ್ಸ್ ಮತ್ತು ಇವಾನ್ ಜೇಮ್ಸ್ ತಾಮ್ರದ ಕಾರ್ಖಾನೆಯ ಕೆಲಸಗಾರರು. ಹಾಫ್‌ಬ್ಯಾಕ್ ಜೋಡಿಯಾಗಿ ಅವರಿಗೆ ಸಾಟಿಯಿರಲಿಲ್ಲ. 1890ರ ದಶಕದ ಆರಂಭದಲ್ಲಿ ವೇಲ್ಸ್‌ಗೆ ಆಡಿದರು. ಅವರು ಇಂಗ್ಲೆಂಡಿನ ಉತ್ತರಕ್ಕೆ, ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ರೇಂಜರ್ಸ್ ಕ್ಲಬ್ಬಿಗೆ ಹೋದಾಗ ವೃತ್ತಿಪರರೆಂದು ಸಾರಿ ಅವರನ್ನು ಆಟದಿಂದ ಹೊರಗಿಟ್ಟರು. ಮನೆ ನಡೆಸಲು ಹಣ ಬೇಕಾದವರಿಗೆ ಸಿಕ್ಕದ್ದು ನಿಷೇಧ. ಎರಕದ ಕಾರ್ಖಾನೆಯ ಮಾಲೀಕರ ಮಗನಿಗೆ, ಅಣ್ಣನ ಜೊತೆ ಗುತ್ತಿಗೆ ಕೆಲಸಗಳನ್ನು ಮಾಡಿಸುತ್ತಿದ್ದವರಿಗೆ ಸಿಕ್ಕದ್ದು ಮನೆ.

ಗೂಲ್ಡ್ ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಆಟದಿಂದ ನಷ್ಟವೇ ಆಗಿರಬೇಕು. ಕೆಲಸದ ಬೆನ್ನು ಹತ್ತಿ ಅವರು ಊರೂರು ತಿರುಗಿದರು. ಸೌತಾಂಪ್ಟನ್, ರಿಚ್ಮಂಡ್, ಲಂಡನ್ ವೆಲ್ಷ್ ಮುಂತಾದ ತಂಡಗಳಲ್ಲಿ ಆಡಿದರು. ಸೇತುವೆಯ ಕಾಮಗಾರಿಗೆಂದು ಅಣ್ಣನೊಡನೆ ವೆಸ್ಟ್ ಇಂಡೀಸ್‌ಗೆ ಹೋದದ್ದರಿಂದ 1891ರ ಇಡೀ ಅಂತರರಾಷ್ಟ್ರೀಯ ಋತು ಕೈತಪ್ಪಿತು. ಹಡಗು ಹತ್ತುವ ಮುಂಚಿನ ಋತುವಿನಲ್ಲಿ, 1890ರ ಫೆಬ್ರವರಿ 15ರಂದು ಡ್ಯೂಸ್‌ಬರಿಯಲ್ಲಿ, ಇದೇ ಗೂಲ್ಡ್ ನಾಯಕತ್ವದಲ್ಲಿ ವೇಲ್ಸ್ ಇಂಗ್ಲೆಂಡ್ ಅನ್ನು ಮೊದಲ ಬಾರಿ ಸೋಲಿಸಿತ್ತು. ಬುಲ್ಲರ್ ಸ್ಟ್ಯಾಡನ್ ಗಳಿಸಿದ ಒಂದೇ ಟ್ರೈ ಆ ಪಂದ್ಯವನ್ನು ಗೆಲ್ಲಿಸಿತು. ಆ ಸ್ಟ್ಯಾಡನ್ ಕೂಡ ವೇಲ್ಸ್ ಬಿಟ್ಟು, ಕೆಲಸ ಸಿಕ್ಕಿತೆಂದು ಡ್ಯೂಸ್‌ಬರಿಗೇ ಹೋಗಿ ನೆಲೆಸಿದವರು. ಇಂಥ ವಲಸೆಗಳನ್ನು ಬಿಟ್ಟು ಆ ಕಾಲದ ವೇಲ್ಸ್ ತಂಡವನ್ನು ಅರ್ಥಮಾಡಿಕೊಳ್ಳಲಾಗದು.

ಚರ್ಚೆ ಆರಂಭಿಸಿದವರು

ಕಾರ್ಡಿಫ್‌ನ ಸದಸ್ಯೆಯ ಬರಹ ಈ ಚರ್ಚೆಗೆ ಬೇಕಾಗಿದ್ದ ಕೊಂಡಿ. ಆಟವನ್ನೂ ವಿವಾದವನ್ನೂ ಬೇರೆಬೇರೆಯಾಗಿ ನೋಡಬೇಕೆಂದು ನಾನು ಆರಂಭದಲ್ಲಿ ಹೇಳಿದ್ದೆ. ಈಗ ಹೀಗೆ ಹೇಳುತ್ತೇನೆ: ಷಿಲಿಂಗ್ ಕೊಟ್ಟ ಜನ 1893ರ ಟ್ರೈಗಳನ್ನು ನೆನೆದೇ ಕೊಟ್ಟರು. ಜನರ ಕಣ್ಣಿಗೆ ಆಟವೇ ಮೊದಲು ಬಿದ್ದದ್ದು, ವಿವಾದ ಅದರ ಹಿಂದೆಯೇ ಬಂದದ್ದು.

ಧಾರವಾಡದ ಸದಸ್ಯರಿಗೆ ಒಂದು ಮಾತು. ಹ್ಯಾನ್‌ಕಾಕ್ ಅವರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಪೂರ್ತಿಯಾಗಿ ಕೊಡುತ್ತೇನೆ. ಆದರೆ 1894ರಿಂದ ಇಂಗ್ಲೆಂಡ್ ತಂಡಗಳಲ್ಲಿಯೂ ನಾಲ್ವರು ತ್ರೀಕ್ವಾರ್ಟರ್‌ಗಳಿದ್ದರು, 1897ರಲ್ಲಿಯೂ ಇದ್ದರು. ಆದರೂ ರಾಡ್ನಿ ಪರೇಡ್‌ನಲ್ಲಿ ಅವರಿಗೆ ಒಂದು ಅಂಕವೂ ಸಿಗಲಿಲ್ಲ. ಪದ್ಧತಿ ಎರಡೂ ಕಡೆ ಒಂದೇ ಆಗಿದ್ದಾಗ ಫಲಿತಾಂಶವನ್ನು ಬೇರೆ ಮಾಡಿದ್ದು ಆಟಗಾರರು.

ಧಾರವಾಡದ ಸದಸ್ಯರು

ಆ ಕೊನೆಯ ವಾದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ, ಸರ್. 1897ರ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. 1894 ಮತ್ತು 1896ರ ಮಟ್ಟಿಗೆ ನನ್ನ ಮಾತನ್ನೂ ನೀವು ಒಪ್ಪಬೇಕು: ಒಬ್ಬ ಸೆಂಟರ್ ಎಷ್ಟೇ ದೊಡ್ಡವನಾದರೂ ಮುಂದಿನ ಎಂಟು ಜನ ಚೆಂಡು ಗೆದ್ದು ಕೊಡದಿದ್ದರೆ ಅವನ ಕೈಗೆ ಏನೂ ಬರುವುದಿಲ್ಲ.

ಜೇಮ್ಸ್ ಸಹೋದರರ ಮುಂದಿನ ಕಥೆ ಏನಾಯಿತು? ಅವರು ಮತ್ತೆ ವೇಲ್ಸ್‌ಗೆ ಆಡಿದರೆಂದು ಎಲ್ಲೋ ಓದಿದ ನೆನಪು.

ಕಾರ್ಡಿಫ್‌ನಲ್ಲಿ ನೆಲೆಸಿರುವ ಸದಸ್ಯೆ

ಆಡಿದರು. ನಿಷೇಧವನ್ನು ತೆರವುಗೊಳಿಸಿದ ಮೇಲೆ 1899ರ ಜನವರಿಯಲ್ಲಿ ಸ್ವಾನ್ಸಿಯಲ್ಲಿ ಇಂಗ್ಲೆಂಡ್ ವಿರುದ್ಧ ಇಬ್ಬರನ್ನೂ ಒಟ್ಟಿಗೆ ಆರಿಸಿದರು. ಗೂಲ್ಡ್ ಅವರ ಜಾಗದಲ್ಲಿ ನಾಯಕರಾಗಿದ್ದವರು ಬ್ಯಾಂಕ್ರಾಫ್ಟ್. ಹಾಫ್‌ಬ್ಯಾಕ್‌ಗಳಿಂದ ಚೆಂಡು ನಿರರ್ಗಳವಾಗಿ ತ್ರೀಕ್ವಾರ್ಟರ್‌ಗಳಿಗೆ ಬಂದಿತು. ಮೊದಲ ಪಂದ್ಯವಾಡಿದ ವಿಂಗ್ ಆಟಗಾರ ವಿಲ್ಲಿ ಲೆವೆಲಿನ್ ನಾಲ್ಕು ಟ್ರೈ ಗಳಿಸಿದರು. ವೇಲ್ಸ್ 26–3ರಿಂದ ಗೆದ್ದಿತು. 1886ರಲ್ಲಿ ಹ್ಯಾನ್‌ಕಾಕ್ ಕಂಡದ್ದು, 1893ರಲ್ಲಿ ಗೂಲ್ಡ್ ಮಾಡಿ ತೋರಿಸಿದ್ದು, ಆ ಮಧ್ಯಾಹ್ನ ಪೂರ್ಣ ರೂಪದಲ್ಲಿ ಮೈದಾನದಲ್ಲಿತ್ತು ಎಂದು ನಾನು ನಂಬುತ್ತೇನೆ.

ಅದಾದ ಕೆಲವೇ ದಿನಗಳಲ್ಲಿ ಸಹೋದರರಿಬ್ಬರೂ ಕುಟುಂಬ ಸಮೇತರಾಗಿ ಮತ್ತೆ ಬ್ರೌಟನ್ ರೇಂಜರ್ಸ್‌ಗೆ ಹೊರಟುಹೋದರು, ಈ ಸಲ ಬಹಿರಂಗವಾಗಿ ಹಣ ಪಡೆದು.